ನೀರಿನ ಗಾಡಿಯ ಎಡ ಗಾಲಿ

ಆ ಮುಂಜಾನೆ ಶಹಾಬಾದಿನ ರೈಲ್ವೆ ಗೇಟಿನ ಹತ್ತಿರ, ಬೇವಿನ ಮರದ ಕೆಳಗಿನ ಪಂಕ್ಚರ್ ಅಂಗಡಿಯಲ್ಲಿ ನಾವು ಮೂವರಿದ್ದೆವು. ಅಂಗಡಿಯ ಚಾಚಾ ಗೋಣಿತಟ್ಟಿನ ಮೇಲೆ ಕೂತು ನನ್ನ ತಳ್ಳುಗಾಡಿಯ ಎಡ ಗಾಲಿಯನ್ನು ಮಗುವಿನಂತೆ ತೊಡೆಯ ಮೇಲೆ ಹಾಕಿಕೊಂಡಿದ್ದರು. ಸರಕಾರಿ ದವಾಖಾನೆಯ ನರ್ಸಬಾಯಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮಡಚಿದ ಕೊಡೆಯ ತುದಿಯಿಂದ ಮಣ್ಣು ಕೆದರುತ್ತಿದ್ದರು. ನಾನು ಗಾಡಿಯ ಹತ್ತಿರ ನಿಂತಿದ್ದೆ. ಗಾಲಿ ಇಲ್ಲದ ಕಡೆ ಫರ್ಸಿಕಲ್ಲಿನ ತುಂಡು ಪೇರಿಸಿ ಗಾಡಿಯನ್ನು ನಿಲ್ಲಿಸಿದ್ದೆವು. ಮೇಲೆ ಎರಡು ತಗಡಿನ ಡ್ರಮ್ಮು, ಎರಡರಲ್ಲೂ ಗಂಟಲಮಟ ಕುಡಿಯುವ ನೀರು.

"ಇನ್ನಾ ಎಷ್ಟೊತ್ತು ಚಾಚಾ?" ಎಂದರು ನರ್ಸಬಾಯಿ.

"ಬಾಯಾರ, ನೀವು ಸೂಜಿ ಚುಚ್ಚೋವಾಗ ಪೇಶೆಂಟ್ ಹಿಂಗ ಗಡಿಬಿಡಿ ಮಾಡಿದ್ರ ನಡೀತದೇನು?"

"ನನ್ನ ಪೇಶೆಂಟ್‌ಗಳು ಅಲ್ಲಿ ಖಣಿ ದಂಡಿಗೆ ಬಿದ್ದಾರ. ನಿಮ್ಮ ಪೇಶೆಂಟ್ ರಬ್ಬರಿಂದು. ಅದಕ್ಕ ನೀರಡಿಕಿ ಇಲ್ಲ. ಜಲ್ದಿ ಮುಗಸ್ರಿ."

ಚಾಚಾ ನಗಲಿಲ್ಲ. ಗಾಲಿಯಿಂದ ಎಳೆದ ಹಳೆಯ ಕೆಂಪು ಟ್ಯೂಬನ್ನು ನನ್ನ ಮುಖದ ಮುಂದೆ ಹಿಡಿದರು. ತೇಪೆಯ ಮೇಲೆ ತೇಪೆ ಬಿದ್ದು ಅದು ಫಕೀರನ ಜೋಳಿಗೆಯ ಹಾಗೆ ಕಾಣುತ್ತಿತ್ತು. "ಇದನ್ನ ಮಣ್ಣು ಮಾಡು ಬೇಟಾ," ಎಂದರು.

ಸಂಗತಿ ಹೀಗಿತ್ತು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರು ಬಂದ ಮೇಲಿನ ವರ್ಷಗಳಲ್ಲಿ ಒಂದು ಬೇಸಿಗೆ. ಭಂಕೂರಿನ ಆಚೆಯ ಕಲ್ಲಿನ ಖಣಿಯ ಅಂಚಿಗೆ ಕೆಲಸಗಾರರ ಗುಡಿಸಲುಗಳ ಒಂದು ಸಾಲು ಇತ್ತು. ಅವರು ಕುಡಿಯುತ್ತಿದ್ದುದು ಕಲ್ಲು ತೆಗೆದ ತಗ್ಗಿನಲ್ಲಿ ನಿಂತ ಹಸಿರು ನೀರು. ಆ ಬೇಸಿಗೆ ಸಾಲಿನಲ್ಲಿ ವಾಂತಿಭೇದಿ ಬಿತ್ತು. ನರ್ಸಬಾಯಿ ಬಂದು ನೋಡಿ, ತಗ್ಗಿನ ನೀರು ಬಾಯಿಗೆ ಹಾಕಬಾರದು, ಗೇಟಿನ ಹತ್ತಿರದ ನಳದ ನೀರೇ ತರಬೇಕು, ಆ ನೀರಿಗೆ ಉಪ್ಪು ಸಕ್ಕರೆ ಹಾಕಿ ಬಿದ್ದವರಿಗೆ ಕುಡಿಸುತ್ತಲೇ ಇರಬೇಕು ಎಂದು ಹೇಳಿದರು. ನಳಕ್ಕೂ ಸಾಲಿಗೂ ಹತ್ತಿರದ ದಾರಿಯೇನಲ್ಲ. ಎತ್ತಿನ ಗಾಡಿಯವನನ್ನು ಕೇಳಿದರೆ, "ಬ್ಯಾನಿ ಬಿದ್ದಲ್ಲಿ ನನ್ನ ಎತ್ತು ಹೋಗಂಗಿಲ್ಲ" ಎಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡ. ಉಳಿದದ್ದು ನನ್ನ ತಳ್ಳುಗಾಡಿ. ಪಾಲಿಶ್ ಕಾರ್ಖಾನೆಯಿಂದ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊತ್ತು ರೈಲಿನ ಗೋದಾಮಿಗೆ ಒಯ್ಯುವುದು ಅದರ ಕೆಲಸ. ಬೇನೆಯ ಹೆದರಿಕೆಗೆ ಕಾರ್ಖಾನೆ ಮುಚ್ಚಿತ್ತು, ಗಾಡಿ ಖಾಲಿ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ನನ್ನ ಒಡಹುಟ್ಟಿದ ಅಕ್ಕ ಇದ್ದಳು. ಪಾಲಿಶ್ ಮಶೀನಿನ ಮೇಲೆ ಕಲ್ಲು ತಿಕ್ಕುವ ಕೆಲಸ ಅವಳದು. ಭಾವ ಸೇಡಂ ಕಡೆ ದುಡಿಯಲು ಹೋಗಿದ್ದ. ಮನೆಯಲ್ಲಿ ಅಕ್ಕ ಮತ್ತು ಅವಳ ಮುದಿ ಅತ್ತೆ.

ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ವಾಡಿಯ ಒಬ್ಬ ಕಮ್ಮಾರನಿಂದ ಕೊಂಡದ್ದು. ಗುಜರಿಗೆ ಹೋದ ಯಾವುದೋ ಮೋಟಾರಿನ ಎರಡು ಪುಟ್ಟ ದಪ್ಪ ಗಾಲಿ ತಂದು ಅವನು ಕೂಡಿಸಿದ್ದ. ಯಾವ ಮೋಟಾರು ಎಂದು ಅವನಿಗೂ ನೆನಪಿರಲಿಲ್ಲ. ಟೈರಿನ ಮಗ್ಗುಲಲ್ಲಿ ಅಳತೆಯ ಅಂಕಿ ಇರಬೇಕು, ಆದರೆ ಕಲ್ಲಿನ ಅಂಚು ತಿಕ್ಕಿ ತಿಕ್ಕಿ ಎಲ್ಲ ಸವೆದಿತ್ತು. ಬಲ ಗಾಲಿ ಕಮ್ಮಾರ ಹಾಕಿಕೊಟ್ಟಂತೆಯೇ ನಡೆಯುತ್ತಿತ್ತು, ಒಂದು ದಿನವೂ ಕಾಟ ಕೊಟ್ಟಿರಲಿಲ್ಲ. ಎಡದ್ದಕ್ಕೆ ಮಾತ್ರ ಚಾಚಾನ ಅಂಗಡಿಯ ಋಣ ಹರಿದಿರಲಿಲ್ಲ. ದಾರಿ ಎಡಕ್ಕೆ ವಾಲಿದೆ, ಭಾರವೆಲ್ಲ ಆ ಕಡೆ ಬೀಳುತ್ತದೆ ಎಂದು ನಾವಿಬ್ಬರೂ ಸಮಾಧಾನ ಮಾಡಿಕೊಂಡಿದ್ದೆವು.

"ಬಲಗಾಲಿ ಬಿಚ್ಚಿ ಒಳಗಿನ ಟ್ಯೂಬಿನ ಮ್ಯಾಲಿನ ನಂಬರ್ ನೋಡೋಣೇನು ಚಾಚಾ?" ಎಂದು ಕೇಳಿದೆ.

"ತೋಬಾ! ನಡಿಯೋ ಗಾಲಿ ನಟ್ಟಿಗೆ ಪಾನಾ ಹಚ್ಚಬಾರದು. ಇರೋದೊಂದು ಚಂದ ಅದ, ಅದನ್ನೂ ಕೆಡಿಸ್ತಿ?"

ಅದು ಚಾಚಾನ ಕಾಯಿದೆ. ಮುರಿಯುವ ಧೈರ್ಯ ನನಗೂ ಇರಲಿಲ್ಲ. ಅವರು ದಾರ ಹಿಡಿದು ರಿಮ್ಮು ಅಳೆದರು, ಗೇಣು ಹಾಕಿ ಟೈರು ಅಳೆದರು, ಅಟ್ಟದಿಂದ ಒಂದು ಸ್ಕೂಟರ್ ಟ್ಯೂಬು ಇಳಿಸಿದರು. "ಥೋಡೆ ದೊಡ್ಡದಾಗ್ತದ. ಆದ್ರೂ ಸಣ್ಣದಕ್ಕಿಂತ ದೊಡ್ಡದು ಛಲೋ."

ಈ ರಿಮ್ಮು ಎರಡು ತಾಟು ಎದುರುಬದುರು ಇಟ್ಟು ನಟ್ಟು ಬಿಗಿದ ಹಾಗೆ ಇರುತ್ತದೆ. ಟೈರಿನೊಳಗೆ ಟ್ಯೂಬು ಕೂಡಿಸಿ, ಸ್ವಲ್ಪ ಗಾಳಿ ತುಂಬಿ ದುಂಡಗೆ ಮಾಡಿ, ಆಮೇಲೆ ಎರಡೂ ತಾಟು ಕೂಡಿಸಬೇಕು. ಗಾಳಿ ಇಲ್ಲದೆ ಕೂಡಿಸಿದರೆ ಟ್ಯೂಬಿನ ಅಂಚು ನಡುವೆ ಸಿಕ್ಕು ಕತ್ತರಿಸಿ ಹೋಗುತ್ತದೆ. ಕೂಡಿಸುವ ಮೊದಲು ಟ್ಯೂಬು ಟೈರಿಗೆ ಅಂಟಿ ಉಜ್ಜದಿರಲೆಂದು ಹಿಟ್ಟು ಸವರಬೇಕು. ಬೇರೆ ಊರಲ್ಲಿ ಅದಕ್ಕೆ ಬಿಳಿ ಪುಡಿ ಕೊಳ್ಳುತ್ತಾರಂತೆ. ನಮ್ಮ ಊರಲ್ಲಿ ಕಲ್ಲಿನ ಹಿಟ್ಟಿಗೆ ಏನು ಬರ? ಕಾರ್ಖಾನೆಯ ಹಿಂದಿನ ಗುಡ್ಡೆಯಿಂದ ಒಂದು ಡಬ್ಬಿ ತುಂಬಿ ತಂದರೆ ವರ್ಷಕ್ಕಾಗುತ್ತದೆ. ಕೈಗೆ ಹತ್ತಿದರೆ ಗೋಧಿ ಹಿಟ್ಟಿಗಿಂತ ನುಣುಪು. ಚಾಚಾ ಎರಡು ಹಿಡಿ ಹಾಕಿ, ಟ್ಯೂಬನ್ನು ಹೊರಳಾಡಿಸಿ, ಒಳಗೆ ಕೂಡಿಸಿದರು.

ಒಂದು ಸುತ್ತು ನೀರು ಮುಟ್ಟಿತು. ಗುಡಿಸಲುಗಳ ಹೆಂಗಸರು ಗಾಡಿಗೆ ಮುತ್ತಿ ಕೊಡ ತುಂಬಿಕೊಂಡರು. ಅಕ್ಕನ ಅತ್ತೆ, ಚಿಮ್ಮನಚೋಡದ ಕಡೆಯ, ಮಾತಿಗೆ ತೆಲುಗು ಬೆರೆಸುವ ಮುದುಕಿ, ಬಾಗಿಲಲ್ಲಿ ಕೂತು ನನ್ನನ್ನು ನೋಡಿ, "ಏನ್ ನಾಯನಾ, ಗಾಡಿ ನಿನ್ನ ದೂಡ್ಲಿಕತ್ತದೋ ನೀ ಗಾಡಿ ದೂಡ್ಲಿಕತ್ತಿಯೋ?" ಎಂದು ನಗಿಸಿದಳು. ನಕ್ಕೇ ಹಿಂತಿರುಗಿದೆ.

ಎರಡನೆಯ ಸುತ್ತಿನಲ್ಲಿ ಭಂಕೂರು ದಾಟಿ ಏರು ಹತ್ತುವಾಗ ಢಬ್ ಎಂದಿತು. ಗಾಡಿ ಎಡಕ್ಕೆ ಬಿತ್ತು. ಒಂದು ಡ್ರಮ್ಮು ಉರುಳಿ ಖಾಲಿಯಾಗುವುದನ್ನು ನಾನು ಹಿಡಿಕೆ ಹಿಡಿದುಕೊಂಡೇ ನೋಡಿದೆ. ಇನ್ನೊಂದನ್ನು ಬಿಟ್ಟರೆ ಅದೂ ಹೋಗುತ್ತಿತ್ತು. ಆ ಬಿಸಿಲಿಗೆ ನೀರು ಮಣ್ಣಿನ ಮೇಲೆ ನಿಲ್ಲಲೂ ಇಲ್ಲ. ಸುದ್ದಿ ಹೋಗಿ ಹೆಂಗಸರು ಕೊಡ ಹೊತ್ತು ಅಲ್ಲಿಗೇ ಬಂದು ಉಳಿದ ನೀರು ಒಯ್ದರು. ಹಿಂದೆ ಬಂದವರಿಗೆ ಸಿಗಲಿಲ್ಲ. ಅಕ್ಕನ ಪಕ್ಕದ ಗುಡಿಸಲಿನವಳೊಬ್ಬಳು, ಕಲ್ಲು ಒಡೆಯುವವಳು, ಕೊನೆಗೆ ಬಂದಳು. ಅವಳ ಸಣ್ಣ ಮಗನಿಗೆ ಹಿಂದಿನ ದಿನದಿಂದ ಭೇದಿ ಇತ್ತು. ಡ್ರಮ್ಮಿನ ತಳ ಇಣುಕಿ ನೋಡಿ, ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಹಿಂತಿರುಗಿದಳು.

ಗಾಲಿಯನ್ನು ಅಂಗಡಿಗೆ ಹೊತ್ತು ತಂದು ಟ್ಯೂಬು ಬಿಚ್ಚಿ ನೋಡಿದರೆ ದೊಡ್ಡದಾದದ್ದು ಒಳಗೆ ಮಡಚಿಕೊಂಡು, ಮಡಿಕೆ ಇದ್ದಲ್ಲಿ ಸೀಳಿತ್ತು. "ನಾ ಅಂದಿದ್ದೆ, ದೊಡ್ಡದಾಗ್ತದಂತ," ಎಂದರು ಚಾಚಾ. ಅಂದದ್ದು ನಿಜ. ಈ ಸಲ ಅದಕ್ಕಿಂತ ಸಣ್ಣ ಅಳತೆಯ ಸ್ಕೂಟರ್ ಟ್ಯೂಬು ಹುಡುಕಿದರು. ರಿಮ್ಮಿಗೆ ಸರಿ ಕೂತಿತು, ಆದರೆ ಟೈರಿನ ಹೊಟ್ಟೆ ದೊಡ್ಡದು. ಗಾಳಿ ತುಂಬಿದಾಗ ಅದು ಹಿಗ್ಗಿ ಹಿಗ್ಗಿ ತೆಳುವಾಗಿ ಟೈರು ತುಂಬಬೇಕು. ಮತ್ತೆ ಹಿಟ್ಟು, ಮತ್ತೆ ನಟ್ಟು.

ಅದು ಮರುದಿನ ನಡುಹೊತ್ತಿನವರೆಗೆ ಬಾಳಿತು. ಸಿಡಿಯಲಿಲ್ಲ, ಮೆಲ್ಲಗೆ ಕುಸಿಯಿತು. ನೀರಿನ ಬೋಗುಣಿಯಲ್ಲಿ ಅದ್ದಿದರೆ ಒಂದು ತೂತಲ್ಲ, ಹೊಟ್ಟೆಯುದ್ದಕ್ಕೂ ಸಾಸಿವೆಯಂಥ ಗುಳ್ಳೆಗಳ ಸಾಲು. ಮುಳ್ಳು ಇರಬೇಕೆಂದು ಟೈರಿನೊಳಗೆ ಬೆರಳಾಡಿಸಿದೆ. ಮುಳ್ಳಿಲ್ಲ, ಕಲ್ಲಿನ ಚೂರಿಲ್ಲ. ಚಾಚಾ ಬಿಸಿ ತೇಪೆ ಹಾಕಿದರು. ಶಿಕಂಜಿ ಎನ್ನುವ ಕಬ್ಬಿಣದ ಹಿಡಿಕಟ್ಟಿನಲ್ಲಿ ಟ್ಯೂಬು ಸಿಕ್ಕಿಸಿ ಮೇಲಿನ ಬಟ್ಟಲಲ್ಲಿ ಚೂರು ಪೆಟ್ರೋಲು ಉರಿಸಿ ರಬ್ಬರು ಬೆಸೆಯುವ ಕೆಲಸ ಅದು. ತೇಪೆ ಹಿಡಿಯಿತು. ಅದರ ಮಗ್ಗುಲಿಗೆ ಹೊಸ ಸಾಸಿವೆ ಕಾಳು ಎದ್ದವು.

"ಹಿಗ್ಗಿ ತೆಳ್ಳಗಾಗ್ಯದ. ಅಳತಿ ತಪ್ಪದ ಬೇಟಾ, ಅಳತಿ," ಎಂದು ಚಾಚಾ ಕೈ ಒರೆಸಿಕೊಂಡರು. "ವಾಡಿಗೆ ಹೋಗು. ಜಂಕ್ಷನ್ ಊರು. ಅಲ್ಲಿ ಮೋಟಾರ್ ಸಾಮಾನಿನ ಅಂಗಡಿ ಅದ. ಟೈರೂ ಒಯ್ಯಿ, ಅಳತಿಗೆ."

ಟೈರು ಹೆಗಲಿಗೆ ಹಾಕಿಕೊಂಡು ಪ್ಯಾಸೆಂಜರ್ ಗಾಡಿಯ ಬಾಗಿಲಲ್ಲಿ ನಿಂತು ವಾಡಿಗೆ ಹೋದೆ. ಆ ದಿನ ಸಾಲಿಗೆ ಮುಟ್ಟಿದ್ದು ಒಂದೇ ಸುತ್ತು ನೀರು. ಇನ್ನು ಎಲ್ಲರೂ ತಗ್ಗಿಗೇ ಇಳಿಯುತ್ತಾರೆ. ನರ್ಸಬಾಯಿ ಎಷ್ಟು ಮಂದಿಯನ್ನು ತಡೆದಾರು?

ಅಂಗಡಿಯವನು ಟೈರು ತಿರುಗಿಸಿ ನೋಡಿ, "ನಂಬರ್ ಎಲ್ಲದ?" ಎಂದ.

"ಸವದು ಹೋಗ್ಯದ್ರಿ."

"ನಂಬರ್ ಇಲ್ದೆ ನಾ ಏನ್ ಕೊಡ್ಲಿ? ಮದುವಿಗಿ ಹೆಣ್ಣಿನ ಹೆಸರೇ ಗೊತ್ತಿಲ್ಲಂದಂಗಾತು."

ಪಕ್ಕದ ಕಟ್ಟೆಯ ಮೇಲೆ ಮೂರು ಗಾಲಿ ರಿಕ್ಷಾದ ಡ್ರೈವರ್ ಒಬ್ಬ ಚಹಾ ಕುಡಿಯುತ್ತಿದ್ದ. ಆಗ ಆ ಕಡೆ ರಿಕ್ಷಾ ಅಂದರೆ ಎಲ್ಲೋ ಒಂದೊಂದು. ಅವನು ಚಹಾದ ಬಸಿ ಕೆಳಗಿಟ್ಟು ಬಂದು ಟೈರಿನೊಳಗೆ ಅಂಗೈ ಇಟ್ಟ. "ಅರೆ ಭೈ, ಇದು ನನ್ನ ಗಾಡಿದೇ ಗಾಲಿ. ನಾಲ್ಕು-ಎಂಟು. ದಪ್ಪ ನಾಲ್ಕು ಇಂಚು, ರಿಮ್ಮು ಎಂಟು ಇಂಚು. ಟ್ಯೂಬಿನ ಮ್ಯಾಲೂ ಇದೇ ಎರಡು ಅಂಕಿ ಇರಬೇಕು. ಸ್ಕೂಟರಿಂದು ಹಾಕಿದಿ ಏನು?"

"ಎರಡು ಹಾಕಿದೆ. ಒಂದು ದೊಡ್ಡದಾತು, ಒಂದು ಸಣ್ಣದಾತು."

"ಅಣ್ಣನ ಅಂಗಿ, ತಮ್ಮನ ಅಂಗಿ. ನಿಂದು ಎಲ್ಲದ ಮತ್ತ?"

ಅಂಗಡಿಯವನು ಕಪಾಟು ತೆರೆದು ಒಂದು ಪೊಟ್ಟಣ ತೋರಿಸಿದ, ಕೈಗೆ ಕೊಡಲಿಲ್ಲ. "ನಾಲ್ಕು-ಎಂಟು ಇದೊಂದೇ ಅದ. ಇವರಿಗೇ ಇಟ್ಟದ್ದು." ಎಂದರೆ ಡ್ರೈವರನಿಗೆ.

ನಾನು ಖಣಿಯ ಸಾಲಿನ ಸಂಗತಿ ಹೇಳಿದೆ. ಡ್ರಮ್ಮು ಉರುಳಿದ್ದನ್ನೂ ಖಾಲಿ ಕೊಡ ಹೊತ್ತು ಹೋದವಳನ್ನೂ ಹೇಳಿದೆ. ಡ್ರೈವರ್ ನೆಲ ನೋಡಿದ. ತನ್ನ ರಿಕ್ಷಾದ ಗಾಲಿಗೆ ಕಾಲಿನಿಂದ ಮೆಲ್ಲಗೆ ಒದ್ದು ನೋಡಿದ. "ಇದು ಇನ್ನೂ ನಾಲ್ಕು ದಿನ ಎಳೀತದ. ಎಳೀಲಿಲ್ಲಂದ್ರ ನಾ ಕುಂತು ಚಹಾ ಕುಡೀತೀನಿ. ಅವನಿಗೇ ಕೊಡ್ರಿ ಸೇಠ."

ಕರಿಯ ಹೊಳೆಯುವ ಟ್ಯೂಬು ಅದು. ಗಾಳಿಯ ಮೂತಿ ಬಗ್ಗಿದ್ದು, ನಮ್ಮ ರಿಮ್ಮಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಇತ್ತು. "ಇದು ಗಾಳಿ ಭಾಳ ದಿವಸ ಹಿಡೀತದ," ಎಂದ ಡ್ರೈವರ್. "ಒಂದೇ ಮಾತು, ತಂಡಿ ತೇಪಿ ಇದಕ್ಕ ಹತ್ತಂಗಿಲ್ಲ. ಬಿಸೀದೇ ಹಾಕಬೇಕು."

ನಾನು ಶಹಾಬಾದಿಗೆ ಹಿಂತಿರುಗಿ ಅಂಗಡಿಗೆ ಬಂದಾಗ ನರ್ಸಬಾಯಿ ಅಲ್ಲೇ ನಿಂತಿದ್ದರು. ನನ್ನ ಕೈಯಲ್ಲಿನ ಟ್ಯೂಬು ನೋಡಿದರು, ನನ್ನನ್ನು ನೋಡಲಿಲ್ಲ. "ನಿಮ್ಮಕ್ಕನ ಬಾಜೂ ಮನಿ ಕೂಸು ಹೋತು," ಎಂದರು. "ನಿನ್ನಿ ಖಾಲಿ ಕೊಡ ತಗೊಂಡು ಹೋದಕಿ, ತಗ್ಗಿನ ನೀರೇ ಕುಡಿಸ್ಯಾಳ. ಎಲ್ಲಿಂದ ತರಬೇಕಿತ್ತು ಆಕಿ?"

ಚಾಚಾ ಟೋಪಿ ತೆಗೆದು ತೊಡೆಯ ಮೇಲಿಟ್ಟರು. ಆಮೇಲೆ ಅವರೇ, "ಕೊಡು ಬೇಟಾ," ಎಂದು ಟ್ಯೂಬು ತೆಗೆದುಕೊಂಡರು. ಬೆಲೆಯುಳ್ಳ ಮಾಲು ಎಂದು ಎರಡು ಹಿಡಿಯ ಬದಲು ನಾಲ್ಕು ಹಿಡಿ ಹಿಟ್ಟು ಹಾಕಿದರು. ಟೈರಿನ ಒಳಗೂ ಹೊರಗೂ ಸವರಿದರು. ಅಷ್ಟು ಮನಸ್ಸಿಟ್ಟು ಅವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಗಾಡಿ ಹಗುರಾಗಿ ಹೋಯಿತು. ಸಂಜೆಯವರೆಗೆ ಹೋಯಿತು, ಮರುದಿನ ಮುಂಜಾನೆಯೂ ಹೋಯಿತು. ಗಾಲಿ ಎಡಕ್ಕೆ ವಾಲದೆ ಹೋಗುವುದನ್ನು ನೋಡುತ್ತ ನಾನು ಕತ್ತು ತಿರುಗಿಸಿಕೊಂಡೇ ನಡೆದೆ. ನಡುಹೊತ್ತಿಗೆ ಮುಂಚಿನ ಸುತ್ತಿನಲ್ಲಿ ಸಾಲು ಕಣ್ಣಿಗೆ ಕಾಣುವ ಹೊತ್ತಿಗೆ ಹಿಡಿಕೆ ಭಾರವಾಯಿತು. ಬಗ್ಗಿ ಎಡ ಟೈರು ಒತ್ತಿದೆ. ಬೆರಳು ಒಳಗೆ ಹೋಯಿತು.

ಹೇಗೋ ದೂಡಿ ಸಾಲಿಗೆ ಮುಟ್ಟಿಸಿದೆ. ನೀರು ಹಂಚಿ ಮುಗಿಯುವ ಹೊತ್ತಿಗೆ ಗಾಲಿ ನೆಲಕ್ಕೆ ಅಂಟಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ನಮ್ಮತ್ತಿಗೂ ಮುಂಜಾನಿಂದ ಭೇದಿ ಸುರುವಾಗ್ಯದ," ಎಂದಳು. ಒಳಗೆ ಮುದುಕಿ ಈಚಲ ಚಾಪೆಯ ಮೇಲೆ ಒರಗಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಪಕ್ಕದಲ್ಲಿ ಕೂತಿದ್ದ ನರ್ಸಬಾಯಿ ಅವಳ ಕೈಯ ಮೇಲಿನ ತೊಗಲು ಚಿವುಟಿ ಬಿಟ್ಟರು, ಅದು ಎದ್ದದ್ದು ಎದ್ದ ಹಾಗೆಯೇ ನಿಂತಿತು. "ಎಷ್ಟು ಹೋಗ್ತದೋ ಅಷ್ಟು ಒಳಗ ಬೀಳಬೇಕು. ಚಮಚೀಲೆ ಚಮಚೀಲೆ ಕುಡಸ್ರಿ, ನಿಲ್ಲಸಬ್ಯಾಡ್ರಿ. ಇಂಥವರು ಈ ಸಾಲಿನಾಗ ಇನ್ನೂ ಇದ್ದಾರ. ಈಗ ತಂದದ್ದು ಸಂಜೀಮಟ ಬರಂಗಿಲ್ಲ," ಎಂದು ನನ್ನ ಕಡೆ ನೋಡಿ ಮುಂದಿನ ಗುಡಿಸಲಿಗೆ ಹೋದರು.

ನಾನು ಅಕ್ಕನ ಬಾಗಿಲ ಮುಂದೆಯೇ ಗಾಲಿ ಬಿಚ್ಚಿದೆ. ಸರಿಯಾದ ಅಳತೆಯ ಹೊಸ ಟ್ಯೂಬು ಅದು. ಹೊಳಪೆಲ್ಲ ಹೋಗಿ, ಬಳಪ ಒರೆಸಿದ ಪಾಟಿಯ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು. ಕೆನ್ನೆಗೆ ಹಿಡಿದರೆ ಸಣ್ಣಗೆ ಮೂರು ಕಡೆ ಗಾಳಿ ತಾಗಿತು. ನಾನು ಅದನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಇದಕ್ಕಿಂತ ಸರಿಯಾದ ಟ್ಯೂಬನ್ನು ಇನ್ನೆಲ್ಲಿಂದ ತರಲಿ? ಆ ಹೊತ್ತಿನಲ್ಲಿ ಗಾಡಿಗೆ ಬೆಂಕಿ ಹಚ್ಚಿ ಎಲ್ಲಾದರೂ ಹೋಗಿಬಿಡಬೇಕು ಎನ್ನಿಸಿದ್ದು ಸುಳ್ಳಲ್ಲ.

ಅಕ್ಕ ಬಗ್ಗಿ ಟೈರಿನೊಳಗೆ ಕೈ ಹಾಕಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಟ್ಟು ತಿಕ್ಕಿದಳು.

"ಇದು ನಮ್ಮ ಮಶೀನಿನ ಹಿಟ್ಟಲ್ಲೇನೋ?"

"ಹೌದು. ಎಲ್ಲಾರೂ ಅದನ್ನೇ ಹಾಕ್ತಾರ."

"ಹಾಕ್ತಾರ ಯಾಕ? ಇದು ತಿಂತದ." ಎಡಗೈ ಮುಂದೆ ಚಾಚಿದಳು. ಗಾಜಿನ ಬಳೆಗಳು ಮಣಿಕಟ್ಟಿನ ಕಡೆ ನೂಲಿನಷ್ಟು ತೆಳುವಾಗಿದ್ದವು. "ಹಬ್ಬಕ್ಕ ಹಾಕಿಸಿದ ಬಳಿ. ಹಿಟ್ಟು ಕೂಡಿ ಕೂಡಿ ಹೆಂಗ ಸವದಾವ ನೋಡು. ಕಲ್ಲು ತಿಕ್ಕಲಿಕ್ಕ ಮಶೀನಿಗೆ ಕರೇ ಬಟ್ಟಿ ಹಚ್ತಾರಲ್ಲ, ಸಾಣಿಕಲ್ಲಿನಂಥಾದ್ದು, ಅದು ಸವದು ಈ ಹಿಟ್ಟಿನಾಗೇ ಕೂಡ್ತದ. ನನ್ನ ಬೆರಳಿನ ಗೆರೀನೇ ಉಳದಿಲ್ಲ, ನಿನ್ನ ರಬ್ಬರ್ ಉಳೀತದೇನು?"

ನಾನು ಬಲ ಗಾಲಿಯ ಕಡೆ ನೋಡಿದೆ. ಅದು ವಾಡಿಯಲ್ಲಿ ಕೂಡಿಸಿದ್ದು. ವಾಡಿಯ ಕಮ್ಮಾರ ಯಾವ ಹಿಟ್ಟು ಹಾಕಿದ್ದ? ಅಕ್ಕನ ಮಾತು ನಿಜವೋ ಅಲ್ಲವೋ ತಿಳಿಯಲು ಇದ್ದ ದಾರಿ ಅದೊಂದೇ. ಆದರೆ ಅದನ್ನು ಬಿಚ್ಚುವಾಗ ಮೂತಿ ಹರಿದರೆ, ಕೂಡಿಸುವಾಗ ಅಂಚು ಸಿಕ್ಕರೆ, ಗಾಡಿಗೆ ಒಂದೂ ಗಾಲಿ ಇಲ್ಲ. ಈಗ ಹಾಗೆಯೇ ಪಂಪು ಹೊಡೆಯುತ್ತ ಹೊಡೆಯುತ್ತ ಹೋದರೆ ಒಂದು ಸುತ್ತಾದರೂ ಆದೀತು. ನಾಳೆಗೆ ಈ ಟ್ಯೂಬು ಸತ್ತಿರುತ್ತದೆ, ವಾಡಿಯಲ್ಲಿ ಇನ್ನೊಂದಿಲ್ಲ.

ಪಾನಾ ತೆಗೆದುಕೊಂಡು ಬಲ ಗಾಲಿಗೆ ಹಚ್ಚಿದೆ.

ಸುತ್ತಲಿನ ಹೆಂಗಸರು ಅದನ್ನು ಕಂಡು ಗದ್ದಲ ಎಬ್ಬಿಸಿದರು. ಎಲ್ಲರಿಗಿಂತ ಮೇಲೆ ಪಕ್ಕದ ಗುಡಿಸಲಿನವಳ ದನಿ ಬಂತು. ಮಗ ಹೋದ ಮೇಲೆ ಅವಳು ಬಾಯಿ ತೆರೆದದ್ದು ಅದೇ ಮೊದಲಂತೆ. "ಏ, ನಡಿಯೋ ಗಾಲೀನೂ ಬಿಚ್ಚಲಿಕತ್ತಿಯಲ್ಲೋ! ಇನ್ನೆಷ್ಟು ಮಂದೀನ ಕುಣಿಗೆ ಹಾಕಾಂವ? ಗಾಳಿ ಹೊಡಿ, ನೀರು ತಾ! ಗಾಲಿ ಬಿಚ್ಚಿ ಆಟ ಆಡ್ಲಿಕ್ಕ ಕುಂತೀಯಾ?"

ಪಾನಾ ನಟ್ಟಿನಿಂದ ಜಾರಿ ಕೆಳಗೆ ಬಿತ್ತು. ಅಕ್ಕ ಅದನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟಳು. ಮೂಲೆಯ ಕೊಡ ತೆಗೆದು ತಲೆಗೆ ಸಿಂಬಿ ಇಟ್ಟುಕೊಂಡು, "ನಡೀರಿ ಎಲ್ಲಾರೂ. ಗಾಡಿ ಆಗೋತನ ನಮ್ಮ ತಲಿ ಅದಾವ. ದಾರ್ಯಾಗ ಚಾಚಾಗೂ ಹೇಳ್ತೀನಿ, ಶಿಕಂಜಿ ತಗೊಂಡು ಬಾ ಅಂತ. ನೀ ಅತ್ತೀನ ನೋಡ್ಕೊ," ಎಂದಳು. ಹೆಂಗಸರ ಸಾಲು ಬಿಸಿಲಿನಲ್ಲಿ ಹೊರಟಿತು. ಪಕ್ಕದವಳೂ ಹೋದಳು, ತಿರುಗಿ ನೋಡಲಿಲ್ಲ.

ಚಾಪೆಯ ಮಗ್ಗುಲಿಗೆ ಗಾಲಿ ಎಳೆದುಕೊಂಡು ಕೂತೆ. ಒಂದು ನಟ್ಟು ಸಡಿಲಿಸುವುದು, ಮುದುಕಿಯ ಬಾಯಿಗೆ ಒಂದು ಚಮಚೆ ನೀರು. ಇನ್ನೊಂದು ನಟ್ಟು, ಇನ್ನೊಂದು ಚಮಚೆ. ತಾಟು ಎರಡಾಗಿ ಟ್ಯೂಬು ಹೊರಬಂತು. ಮೇಲೆ ನಾಲ್ಕು-ಎಂಟು ಎಂದು ಉಬ್ಬಿದ ಅಂಕಿ. ವರ್ಷಗಟ್ಟಲೆ ಕಲ್ಲು ಹೊತ್ತ ಟ್ಯೂಬು, ಈಗಷ್ಟೇ ಪೊಟ್ಟಣದಿಂದ ತೆಗೆದದ್ದರಂತೆ ಕರ್ರಗೆ ಮಿಂಚುತ್ತಿತ್ತು. ಟೈರಿನೊಳಗೆ ಬೆರಳಾಡಿಸಿದೆ. ಬೆಣ್ಣೆಯಂತೆ ಜಾರುವ ಬಿಳಿ ಪುಡಿ ಹತ್ತಿತು. ಒಂದೇ ಗಾಡಿ, ಒಂದೇ ದಾರಿ, ಒಂದೇ ಅಳತೆ. ಬೇರೆ ಇದ್ದದ್ದು ಪುಡಿಯೊಂದೇ.

"ಏನ್ ಸಿಕ್ಕತು ನಾಯನಾ, ಬಂಗಾರ ಏನು?" ಮುದುಕಿಯ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸುಮ್ಮನ ಕುಡಿ ಆಯಿ."

"ಉಪ್ಪು ಜಾಸ್ತಿ ಆಗ್ಯದ. ಅಡಗಿ ಕಲಿಸಲಿಲ್ಲ ನಿಮ್ಮವ್ವ."

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಬಲ ಗಾಲಿಯನ್ನು ಅದರ ಪುಡಿಯ ಸಮೇತ ಮೊದಲಿನಂತೆ ಕೂಡಿಸಿ ಬಿಗಿದೆ. ಪಂಪು ಹೊಡೆದೆ, ಗಾಳಿ ನಿಂತಿತು. ಎಡದ ಟೈರು, ಟ್ಯೂಬು, ತಾಟು ಎಲ್ಲವನ್ನೂ ತಗ್ಗಿನ ನೀರಿನಲ್ಲಿ ತೊಳೆದೆ. ಹಾಳು ನೀರು ಅದೊಂದು ಕೆಲಸಕ್ಕೆ ಬಂತು. ಗೋಣಿಯಿಂದ ತಿಕ್ಕಿ ತೊಳೆದು, ಉಗುರಿನಿಂದ ಅಂಚು ಕೆರೆದು, ಮತ್ತೆ ತೊಳೆದೆ. ನಡುನಡುವೆ ಓಡಿ ಬಂದು ಚಮಚೆ ಹಿಡಿಯುತ್ತಿದ್ದೆ. ಸುಡುವ ಬಂಡೆಯ ಮೇಲೆ ಟೈರು ಒಣಗಲು ತಡವಾಗಲಿಲ್ಲ.

ಪುಡಿ ಎಲ್ಲಿಂದ? ಜೋಳದ ಹಿಟ್ಟು ಹಾಕಿದರೆ ಬೆವರಿಗೆ ಅಂಬಲಿಯಾಗುತ್ತದೆ. ಬೂದಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ನರ್ಸಬಾಯಿ ಬಂದಾಗ ಕೇಳಿದೆ. ಅವರು ಕೈಚೀಲದಿಂದ ಒಂದು ಡಬ್ಬಿ ತೆಗೆದರು. "ರಬ್ಬರಿನ ಕೈಗವಸಿಗೆ ಹಾಕೋದು. ಹಾಕಲಿಲ್ಲಂದ್ರ ಗವಸು ಒಂದಕ್ಕೊಂದು ಹತ್ತಿ ಹರೀತಾವ," ಎಂದು ಹೇಳುತ್ತ, ಹೇಳಿದ್ದು ತಮಗೇ ಕೇಳಿಸಿದಂತಾಗಿ ಡಬ್ಬಿ ಪೂರಾ ನನ್ನ ಅಂಗೈಗೆ ಬೋರಲು ಹಾಕಿದರು.

ಚಾಚಾ ಸೈಕಲ್ಲಿನ ಹಿಂದೆ ಶಿಕಂಜಿ ಕಟ್ಟಿಕೊಂಡು ಬಂದರು. ಊರಿನವರು ಯಾರೂ ಕಾಲಿಡದ ಸಾಲಿಗೆ ಅವರು ಬಂದರು, ಆದರೆ ಜಗಳಕ್ಕೆ ಸಿದ್ಧರಾಗಿಯೇ ಬಂದರು. "ನಿಮ್ಮಕ್ಕ ಅಂತಾಳ, ನನ್ನ ಹಿಟ್ಟು ಟ್ಯೂಬ್ ತಿಂತದಂತ! ನಮ್ಮ ಅಬ್ಬಾ ಇದೇ ಹಿಟ್ಟು ಹಾಕ್ದ, ನಾ ಇದೇ ಹಾಕ್ತೀನಿ. ಅಬ್ಬಾನ ಕಾಲದ ಟ್ಯೂಬ್ ಯಾಕ ತಿನ್ಲಿಲ್ಲ?"

ತೊಳೆಯುವ ಮುಂಚೆ ಎಡ ಟೈರಿನಿಂದ ಉದುರಿದ ಹಿಟ್ಟು ಒಂದು ಚಿಂದಿಯಲ್ಲಿ ಉಳಿದಿತ್ತು, ಅದನ್ನು ಮುಂದಿಟ್ಟೆ. ಚಾಚಾ ಚಿಟಿಕೆ ತೆಗೆದು ತಮ್ಮ ಸೈಕಲ್ಲಿನ ಗಂಟೆಯ ಮೇಲೆ ಹಾಕಿ ಹೆಬ್ಬೆರಳಿನಿಂದ ತಿಕ್ಕಿದರು. ಕನ್ನಡಿಯಂಥ ಗಂಟೆಯ ಮೇಲೆ ಮಬ್ಬು ಕವಿಯಿತು. ಒರೆಸಿದರು, ಹೋಗಲಿಲ್ಲ. ಬಹಳ ಹೊತ್ತು ಗಂಟೆಯನ್ನೇ ನೋಡಿದರು.

"ಅಬ್ಬಾನ ಕಾಲದಾಗ ಮಶೀನ್ ಇರ್ಲಿಲ್ಲ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಕೈಲೆ ಕಲ್ಲಿಗೆ ಕಲ್ಲು ತಿಕ್ಕತಿದ್ರು. ಅದು ಬರೇ ಕಲ್ಲಿನ ಹಿಟ್ಟು, ಸುಣ್ಣದಂಗ ಮೆತ್ತಗ. ಕರೇ ಬಟ್ಟಿ ಬಂದಮ್ಯಾಲ ಹಿಟ್ಟು ಬದಲಾಗ್ಯದ, ನಾವು ಬದಲಾಗಿಲ್ಲ."

ಆಮೇಲೆ ಕೆಲಸಕ್ಕೆ ಕೂತೆವು. ಮೂರು ತೂತಿಗೆ ಮೂರು ಬಿಸಿ ತೇಪೆ. ಒಂದೊಂದೂ ಆರುವವರೆಗೆ ಕಾಯಬೇಕು, ಅವಸರದಿಂದ ಶಿಕಂಜಿ ಬಿಚ್ಚಿದರೆ ತೇಪೆ ಎದ್ದುಬರುತ್ತದೆ. ಕಾಯುವ ಆ ಹೊತ್ತಿನಲ್ಲಿ ಚಾಚಾನೇ ಒಳಗೆ ಹೋಗಿ ಮುದುಕಿಗೆ ಚಮಚೆ ಹಿಡಿದರು. ಬಿಳಿ ಪುಡಿ ಸವರಿ, ಟ್ಯೂಬಿಗೆ ಗಾಳಿ ಕೊಟ್ಟು ದುಂಡಗೆ ಮಾಡಿ, ಬೆರಳಿನಿಂದ ಸುತ್ತಲೂ ಅಂಚು ತಡವಿ, ತಾಟು ಕೂಡಿಸಿದೆ. ಹೊತ್ತು ಇಳಿಮುಖವಾಗುವಾಗ ಗಾಡಿ ಹೊರಟಿತು. ಅರ್ಧ ದಾರಿಯಲ್ಲಿ ಬಿಸಿಲಿಗೆ ಬಾಡಿದ ಮುಖದ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಎದುರಾದರು. ಅಕ್ಕ ಗಾಲಿ ನೋಡಿ, ಮುಂದೆ ನಡೆದಳು.

ಕತ್ತಲಾಗುವ ಮುಂಚೆ ನೀರು ಮುಟ್ಟಿತು. ಮುದುಕಿ ಮರುದಿನವೂ ಚಾಪೆ ಬಿಟ್ಟು ಏಳಲಿಲ್ಲ, ಆದರೆ ಚಿವುಟಿದ ತೊಗಲು ತನ್ನ ಜಾಗಕ್ಕೆ ಹೋಗತೊಡಗಿತು. ಅವಳು ಉಳಿದಳು. ಸಾಲಿನ ಇನ್ನೊಬ್ಬ ಮುದುಕ ಉಳಿಯಲಿಲ್ಲ. ಅವನ ತರುವಾಯ ಯಾರೂ ಹೋಗಲಿಲ್ಲ. ಟ್ಯೂಬು ಆರಿಸುವುದೆಂದರೆ ಅಳತೆ ಹೊಂದಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಅಳತೆ ಸರಿಯಾದ ಮೇಲೂ ಅದನ್ನು ಯಾವುದರ ಮಗ್ಗುಲಿಗೆ ಇಡುತ್ತೇವೆ ಎನ್ನುವುದಿದೆ. ಅದು ತಿಳಿಯುವ ಮುಂಚೆ ಒಂದು ಕೂಸು ಹೋಗಿತ್ತು. ಈ ಲೆಕ್ಕ ನನಗೆ ಯಾವ ಕಡೆಯಿಂದ ಮಾಡಿದರೂ ಸರಿಹೋಗಿಲ್ಲ.

ಗಾಲಿ ಸರಿಯಾದ ಮರುದಿನ ಮುಂಜಾನೆ ನಾನು ನಳಕ್ಕೆ ಹೋದಾಗ ಪಕ್ಕದ ಗುಡಿಸಲಿನವಳು ಅಲ್ಲಿ ನಿಂತಿದ್ದಳು. ಕೈಯಲ್ಲಿ ಕೊಡ ಇರಲಿಲ್ಲ. ನಾನು ಡ್ರಮ್ಮು ತುಂಬುವವರೆಗೆ ಸುಮ್ಮನೆ ನೋಡಿದಳು. ತುಂಬಿದ ಮೇಲೆ ಬಂದು ಹಿಡಿಕೆಯ ಒಂದು ಕಡೆ ಎರಡೂ ಕೈ ಹಚ್ಚಿದಳು.

"ನಡಿ," ಎಂದಳು.

ಭಂಕೂರಿನ ಆಚೆಯ ಏರು ಇಬ್ಬರೂ ಕೂಡಿ ಹತ್ತಿದೆವು. ಸಾಲಿಗೆ ಮುಟ್ಟಿದ ಮೇಲೆ ಅವಳು ತನ್ನ ಗುಡಿಸಲಿಗೆ ಹೋದಳು. ಮುಂದಿನ ಸುತ್ತಿಗೆ ಮತ್ತೆ ಬಂದಳು. ಮಳೆ ಬಿದ್ದು, ಬೇನೆ ನಿಂತು, ಕಾರ್ಖಾನೆಯ ಬಾಗಿಲು ತೆರೆಯುವವರೆಗೆ ದಿನಾಲು ಬಂದಳು. ಆಮೇಲೆ ಕಲ್ಲೊಡೆಯುವ ಸುತ್ತಿಗೆ ಹಿಡಿದು ತನ್ನ ಕೆಲಸಕ್ಕೆ ಹೋದಳು.